ಥ್ಯಾಡಿಯಸ್ ಸ್ಟೀವನ್ಸ್: ಒಂದು ಹೆಸರಿನ ಏಳುಬೀಳು

ತರಗತಿಯಲ್ಲಿ ಶಾಸನಗಳನ್ನು ಪಾಠ ಹೇಳುವ ನನ್ನಂಥವರಿಗೆ ಸತ್ತವರ ಹೆಸರಿನಲ್ಲಿ ನಿಂತ ಕಲ್ಲುಗಳ ಪರಿಚಯ ಸಾಕಷ್ಟಿರುತ್ತದೆ. ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಲ್ಲು, ಇವೆಲ್ಲ ಇದ್ದವರು ಹೋದವರಿಗಾಗಿ ನಿಲ್ಲಿಸಿದವು. ತುರುಗಾಳಗದಲ್ಲಿ ಮಡಿದವನ ಗುಣವನ್ನು ಊರವರು ಹೊಗಳಿ ಕೆತ್ತಿಸುತ್ತಾರೆ, ಮಡಿದವನು ಮಾತನಾಡುವುದಿಲ್ಲ. ಹೋದವನೇ ಎದ್ದು ನಿಂತು, ನಾನು ಇಲ್ಲಿ ಏಕೆ ಮಲಗಿದ್ದೇನೆ ಕೇಳು ಎಂದು ದಾರಿಹೋಕನನ್ನು ತಡೆದು ವಾದಕ್ಕಿಳಿಯುವ ಕಲ್ಲು ಬಹಳ ಅಪರೂಪ. ಅಂಥದೊಂದು ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಲ್ಯಾಂಕಾಸ್ಟರ್ ಪಟ್ಟಣದ ಪುಟ್ಟ ಸ್ಮಶಾನವೊಂದರಲ್ಲಿದೆ. ಅದರಡಿ ಮಲಗಿರುವವನು ಥ್ಯಾಡಿಯಸ್ ಸ್ಟೀವನ್ಸ್. ಏಕಾಂತ ತನಗೆ ಪ್ರಿಯವೆಂದು ತಾನು ಈ ಮೂಲೆಗೆ ಬಂದವನಲ್ಲ, ಊರಿನ ಇತರ ಸ್ಮಶಾನಗಳು ತಮ್ಮ ಕಟ್ಟಳೆಯಿಂದ ಒಂದು ಜನಾಂಗದವರಿಗೆ ಮಾತ್ರ ಮೀಸಲಾಗಿರುವುದನ್ನು ಕಂಡು ಇದನ್ನು ಆರಿಸಿಕೊಂಡೆ. ದೀರ್ಘಕಾಲ ಬದುಕಿ ತಾನು ಸಾರಿದ ತತ್ತ್ವ, ಸೃಷ್ಟಿಕರ್ತನ ಮುಂದೆ ಮನುಷ್ಯರೆಲ್ಲರೂ ಸಮಾನರು ಎಂಬುದು, ತನ್ನ ಸಾವಿನಲ್ಲಿಯೂ ಕಾಣಲಿ ಎಂಬುದು ತನ್ನ ಉದ್ದೇಶ ಎಂದು ಆ ಕಲ್ಲು ಹೇಳುತ್ತದೆ. ಆ ಮಾತುಗಳು ಸ್ಟೀವನ್ಸ್‌ನವೇ.

1868ರ ಆಗಸ್ಟ್ 11ರ ನಡುರಾತ್ರಿ ಆತ ವಾಷಿಂಗ್ಟನ್ನಿನಲ್ಲಿ ತೀರಿಕೊಂಡಾಗ ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಅವನಷ್ಟು ಪ್ರಬಲನಾದವನು ಮತ್ತೊಬ್ಬನಿರಲಿಲ್ಲ. ಶವವನ್ನು ಸಂಸದ್ಭವನದ ಗುಮ್ಮಟದಡಿ ಸಾರ್ವಜನಿಕ ದರ್ಶನಕ್ಕೆ ಇರಿಸಿದರು. ಆ ಮರ್ಯಾದೆ ಅದಕ್ಕೆ ಮುಂಚೆ ದೊರೆತಿದ್ದುದು ಹೆನ್ರಿ ಕ್ಲೇ, ಏಬ್ರಹಾಂ ಲಿಂಕನ್ ಇಬ್ಬರಿಗೇ. ಶವದ ಕಾವಲಿಗೆ ನಿಂತವರು ಕರಿಯ ಯೋಧರು. ಲ್ಯಾಂಕಾಸ್ಟರಿನ ಶವಯಾತ್ರೆಯಲ್ಲಿ ಸುಮಾರು 20,000 ಜನ ಸೇರಿದರೆಂದೂ ಅವರಲ್ಲಿ ಅರ್ಧಕ್ಕರ್ಧ ಕರಿಯರೆಂದೂ ಬರೆದಿದ್ದಾರೆ. ಆತನ ಕ್ಷೇತ್ರದ ರಿಪಬ್ಲಿಕನ್ನರು, ಸತ್ತವನೆಂದು ತಿಳಿದೂ, ಆ ಸಲದ ಚುನಾವಣೆಗೆ ಆತನ ಹೆಸರನ್ನೇ ಗೌರವಪೂರ್ವಕ ಸೂಚಿಸಿದರು.

ಇಷ್ಟೆಲ್ಲ ಆದವನ ಹೆಸರು ಐವತ್ತು ವರ್ಷ ಕಳೆಯುವಷ್ಟರಲ್ಲಿ ಅವನ ದೇಶದಲ್ಲಿ ಬೈಗುಳವಾಯಿತು. ನಾನು ಆ ಹೆಸರನ್ನು ಮೊದಲು ಕಂಡದ್ದು ಬಿ.ಎ. ತರಗತಿಯಲ್ಲಿದ್ದಾಗ, ಧೀರರ ಕಥೆಗಳೆಂದು ಜಾನ್ ಕೆನಡಿ 1956ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ. ಅಧ್ಯಕ್ಷನ ಮೇಲಿನ ಮಹಾಭಿಯೋಗಕ್ಕೆ ವಿರುದ್ಧವಾಗಿ ಮತ ಕೊಟ್ಟ ಎಡ್ಮಂಡ್ ರಾಸ್ ಎಂಬ ಸೆನೆಟರನು ಅಲ್ಲಿ ನಾಯಕ, ಸ್ಟೀವನ್ಸ್ ಖಳ. ಕುಂಟ, ಮತಾಂಧ, ಹಗೆಯ ಮೂರ್ತಿ, ಇಷ್ಟು ಮಾತ್ರ ನನ್ನ ನೆನಪಿನಲ್ಲಿ ಉಳಿಯಿತು. ಕೆನಡಿಯಂಥ ಉದಾರಿಯೇ ಹಾಗೆ ಬರೆದಮೇಲೆ ಅನುಮಾನಕ್ಕೆ ಎಡೆಯೆಲ್ಲಿ? ಎಷ್ಟೋ ವರ್ಷಗಳ ಮೇಲೆ, ಆತನ ಗೋರಿಯ ಬರಹವನ್ನು ಬೇರೆಲ್ಲೋ ಓದಿದಾಗ, ಈ ಎರಡೂ ಒಬ್ಬ ಮನುಷ್ಯನಿಗೆ ಸೇರಿದವೇ ಎಂದು ಬೆರಗಾಯಿತು. ಈ ಲೇಖನ ಆ ಬೆರಗಿನ ಫಲ.

ಸ್ಟೀವನ್ಸ್ ಹುಟ್ಟಿದ್ದು 1792ರ ಏಪ್ರಿಲ್ 4ರಂದು, ಉತ್ತರದ ವರ್ಮಾಂಟ್ ಸಂಸ್ಥಾನದ ಡ್ಯಾನ್‌ವಿಲ್ ಎಂಬ ಹಳ್ಳಿಯಲ್ಲಿ. ಹುಟ್ಟುವಾಗಲೇ ಒಂದು ಪಾದ ಸೊಟ್ಟ. ತಂದೆ ಹೆಂಡತಿಮಕ್ಕಳನ್ನು ಬಿಟ್ಟು ಹೊರಟುಹೋದ. ತಾಯಿ ಸಾರಾ ಮೈಮುರಿದು ದುಡಿದು ಮಕ್ಕಳನ್ನು ಸಾಕಿದಳು; ಈ ಕುಂಟ ಮಗ ಹೊಲದ ಕೆಲಸಕ್ಕೆ ಬಾರದವನಾದ್ದರಿಂದ ವಿದ್ಯೆಯಾದರೂ ಬರಲಿ ಎಂದು, ಒಳ್ಳೆಯ ಶಾಲೆಯಿದೆಯೆಂದು ಪೀಚಂ ಎಂಬ ಊರಿಗೆ ಸಂಸಾರವನ್ನೇ ಸಾಗಿಸಿದಳು. ಮಗ 1814ರಲ್ಲಿ ಡಾರ್ಟ್‌ಮತ್ ಕಾಲೇಜಿನಿಂದ ಪದವಿ ಪಡೆದು ಪೆನ್ಸಿಲ್ವೇನಿಯಕ್ಕೆ ಬಂದು ಮೇಷ್ಟರಾದ, ಆಮೇಲೆ 1816ರಲ್ಲಿ ಗೆಟ್ಟಿಸ್‌ಬರ್ಗಿನಲ್ಲಿ ವಕೀಲಿ ಹಿಡಿದ. ದುಡ್ಡು ಕೈಗೆ ಬಂದಮೇಲೆ ತಾಯಿಗೆ ಹೊಲಮನೆ ಕೊಂಡುಕೊಟ್ಟ. ಕೊನೆಯವರೆಗೂ ಈ ಗಡುಸು ಮನುಷ್ಯನ ಮಾತು ಮೆತ್ತಗಾಗುತ್ತಿದ್ದುದು ತಾಯಿಯ ವಿಷಯ ಬಂದಾಗಲೇ.

ಈ ವಕೀಲಿಯ ಮೊದಲ ವರ್ಷಗಳಲ್ಲಿ ನಡೆದ ಒಂದು ಸಂಗತಿಯನ್ನು ಆತನನ್ನು ಮೆಚ್ಚುವವರು ಬೇಗ ದಾಟಿ ಹೋಗಲು ನೋಡುತ್ತಾರೆ. ಚಾರಿಟಿ ಬಟ್ಲರ್ ಎಂಬ ಕರಿಯ ಹೆಂಗಸು ತನಗೆ ಬಿಡುಗಡೆ ಕೊಡಿಸಬೇಕೆಂದು ನ್ಯಾಯಾಲಯಕ್ಕೆ ಹೋಗಿದ್ದಳು. ದಾಸ್ಯವಿದ್ದ ಮೇರಿಲ್ಯಾಂಡಿನಿಂದ ಒಡೆಯನು ತನ್ನ ಆಳನ್ನು ಪೆನ್ಸಿಲ್ವೇನಿಯಕ್ಕೆ ಕರೆತಂದು ಆರು ತಿಂಗಳು ಇರಿಸಿಕೊಂಡರೆ ಆ ಆಳು ಸ್ವತಂತ್ರವೆಂದು ಅಲ್ಲಿಯ ಕಾನೂನು. ಚಾರಿಟಿ ಬಂದು ಹೋಗಿ ಮಾಡಿದ ದಿನಗಳನ್ನೆಲ್ಲ ಕೂಡಿದರೆ ಆರು ತಿಂಗಳಿಗೆ ಮೀರುತ್ತಿತ್ತು. ಆರು ತಿಂಗಳು ಒಂದೇ ಸಮನೆ ಕಳೆದಿರಬೇಕು, ಬಿಡಿ ದಿನಗಳನ್ನು ಕೂಡಿಸುವಂತಿಲ್ಲ ಎಂದು ವಾದಿಸಿದ ವಕೀಲ ಗೆದ್ದ. ತಾಯಿಯೂ ಮಕ್ಕಳೂ ದಾಸ್ಯಕ್ಕೆ ಮರಳಿದರು. ವರ್ಷ 1821. ಒಡೆಯನ ಪರ ವಾದಿಸಿದ ಆ ವಕೀಲ ಥ್ಯಾಡಿಯಸ್ ಸ್ಟೀವನ್ಸ್.

ಆ ಮೊಕದ್ದಮೆಯ ಬಗ್ಗೆ ಆತ ಮುಂದೆ ಏನೆಂದುಕೊಂಡನೋ ನಾವು ಊಹಿಸಬೇಕು. ನಮ್ಮ ಕೈಗೆ ಸಿಗುವುದು ಆತನ ನಡತೆ. ಎರಡೇ ವರ್ಷದಲ್ಲಿ, 1823ರ ಸ್ವಾತಂತ್ರ್ಯೋತ್ಸವದ ಔತಣದಲ್ಲಿ, ಮುಂದಿನ ಅಧ್ಯಕ್ಷನು ಮನುಷ್ಯನ ಕಾಲಿಗೆ ಬೇಡಿ ಬಿಗಿಯದವನಾಗಲಿ ಎಂದು ಆತ ಎದ್ದು ಹಾರೈಸಿದ. ಆ ಮೇಲಿನ ನಲವತ್ತೈದು ವರ್ಷಗಳಲ್ಲಿ ಓಡಿಬಂದ ಆಳುಗಳ ಪರವಾಗಿ ಎಷ್ಟು ಸಲ ವಾದಿಸಿದನೆಂಬುದಕ್ಕೆ ಲೆಕ್ಕವಿಲ್ಲ. 1851ರಲ್ಲಿ ಲ್ಯಾಂಕಾಸ್ಟರ್ ಸೀಮೆಯ ಕ್ರಿಸ್ಟಿಯಾನ ಎಂಬಲ್ಲಿ, ಆಳುಗಳನ್ನು ಹಿಡಿದೊಯ್ಯಲು ಬಂದ ಒಡೆಯನೊಬ್ಬ ಕಾದಾಟದಲ್ಲಿ ಸತ್ತಾಗ, ಸರ್ಕಾರ ಹಲವರ ಮೇಲೆ ರಾಜದ್ರೋಹದ ಆಪಾದನೆ ಹೊರಿಸಿತು. ಆಪಾದಿತರ ಪರ ನಿಂತ ವಕೀಲರಲ್ಲಿ ಸ್ಟೀವನ್ಸ್ ಒಬ್ಬ. ಮೊದಲ ಆಪಾದಿತನೇ ನಿರ್ದೋಷಿಯೆನಿಸಿಕೊಂಡು ಮೊಕದ್ದಮೆ ಕುಸಿಯಿತು. ಈಚೆಗೆ, ಈ ಶತಮಾನದ ಆರಂಭದಲ್ಲಿ, ಆತನ ಲ್ಯಾಂಕಾಸ್ಟರ್ ಮನೆಯ ಹಿತ್ತಲನ್ನು ಅಗೆದವರಿಗೆ ನೆಲದಡಿ ಒಂದು ನೀರಿನ ತೊಟ್ಟಿ ಸಿಕ್ಕಿತು. ಓಡಿಬಂದವರನ್ನು ಅದರಲ್ಲಿ ಬಚ್ಚಿಡುತ್ತಿದ್ದಿರಬಹುದೆಂದು ಪುರಾತತ್ತ್ವಜ್ಞರ ಊಹೆ.

ಚಾರಿಟಿ ಬಟ್ಲರಳ ಋಣವನ್ನು ತೀರಿಸಲೆಂದೇ ಇದನ್ನೆಲ್ಲ ಮಾಡಿದ ಎಂದು ಹೇಳಿದರೆ ಕಥೆ ಚೆನ್ನಾಗಿ ಕೂಡುತ್ತದೆ. ನಾನು ಹಾಗೆ ಹೇಳಲಾರೆ. ಆಕೆಯ ಪಾಲಿಗೆ ಆ ಋಣ ತೀರಲಿಲ್ಲ.

ಆತನ ಹೆಸರು ಮೊದಲು ಮೇಲೆ ಬಂದದ್ದು ದಾಸ್ಯದ ವಿಷಯದಲ್ಲಿ ಅಲ್ಲ, ಶಾಲೆಯ ವಿಷಯದಲ್ಲಿ. 1834ರಲ್ಲಿ ಪೆನ್ಸಿಲ್ವೇನಿಯದ ಶಾಸನಸಭೆ ಎಲ್ಲ ಮಕ್ಕಳಿಗೂ ಉಚಿತ ಶಾಲೆ ಎಂಬ ಕಾನೂನು ಮಾಡಿತು. ತೆರಿಗೆ ಕೊಡಬೇಕಾದವರು ಕೆರಳಿದರು. ಮಕ್ಕಳಿಲ್ಲದ ನಾನು ಪಕ್ಕದ ಮನೆಯ ಹುಡುಗನ ಓದಿಗೆ ಏಕೆ ತೆರಬೇಕು ಎಂಬ ವಾದ ಎಲ್ಲ ಕಾಲದಲ್ಲಿಯೂ ಜನಪ್ರಿಯವಾದದ್ದು. ಮರುವರ್ಷ ಸಂಸ್ಥಾನದ ಸೆನೆಟ್ ಕಾನೂನನ್ನು ರದ್ದುಮಾಡಲು ಒಪ್ಪಿಯೂ ಆಗಿತ್ತು. 1835ರ ಏಪ್ರಿಲಿನಲ್ಲಿ ಸ್ಟೀವನ್ಸ್ ಕೆಳಮನೆಯಲ್ಲಿ ಎದ್ದು ನಿಂತ. ಅಪರಾಧಿಗಳನ್ನು ಹಿಡಿಯಲು, ಸೆರೆಮನೆ ಕಟ್ಟಲು ತೆರುವ ತೆರಿಗೆಯ ಬಗ್ಗೆ ಯಾರೂ ಗೊಣಗುವುದಿಲ್ಲವಲ್ಲ, ಆ ಸೆರೆಮನೆಯ ಪ್ರಯೋಜನವನ್ನೂ ತಾವು ಪಡೆಯುವುದಿಲ್ಲವಷ್ಟೆ ಎಂದು ಕೇಳಿದ. ಭಾಷಣ ಮುಗಿಯುವಷ್ಟರಲ್ಲಿ ಸಭೆ ತಿರುಗಿತ್ತು, ಶಾಲೆಗಳು ಉಳಿದವು. ತಾನು ಮಾಡಿದ ಕೆಲಸಗಳಲ್ಲಿ ಮೇಲಾದದ್ದು ಇದೇ ಎಂದು ಮುಪ್ಪಿನಲ್ಲಿ ಆತನೇ ಹೇಳಿಕೊಂಡ. ಮೇಷ್ಟರಾಗಿ ನನಗೆ ಈ ಮಾತು ಇಷ್ಟವಾದರೆ ಓದುಗರು ಮನ್ನಿಸಬೇಕು. ಮೂರು ವರ್ಷದ ಮೇಲೆ ಅದೇ ಸಂಸ್ಥಾನ ಹೊಸ ಸಂವಿಧಾನ ಬರೆದು ಕರಿಯರ ಮತಾಧಿಕಾರವನ್ನು ಕಿತ್ತುಕೊಂಡಾಗ, ಸಂವಿಧಾನ ಸಮ್ಮೇಳನದ ಸದಸ್ಯನಾಗಿದ್ದ ಈತ ಅದಕ್ಕೆ ಸಹಿ ಹಾಕಲೊಲ್ಲೆನೆಂದ.

1848ರಲ್ಲಿ ರಾಷ್ಟ್ರದ ಪ್ರತಿನಿಧಿ ಸಭೆಗೆ ಆಯ್ಕೆ, ನಡುವೆ ಕೆಲವು ವರ್ಷ ಬಿಡುವು, 1859ರಿಂದ ಸಾಯುವವರೆಗೆ ಮತ್ತೆ ಅಲ್ಲೇ. ಅಂತರ್ಯುದ್ಧ ತೊಡಗಿದಾಗ ಆತನಿಗೆ ಅರವತ್ತೊಂಬತ್ತು. ಆಯವ್ಯಯವನ್ನು ನೋಡಿಕೊಳ್ಳುವ ಸಮಿತಿಯ ಅಧ್ಯಕ್ಷನಾಗಿ ಲಿಂಕನ್ನನ ಯುದ್ಧದ ಹಣದ ಚೀಲದ ಬಾಯಿ ಈತನ ಕೈಯಲ್ಲಿತ್ತು. ತೆರಿಗೆ, ಸಾಲ, 1862ರ ಕಾಗದದ ಹಣದ ಕಾನೂನು, ಎಲ್ಲವೂ ಆ ಸಮಿತಿಯಿಂದ ಹೊರಟವು. 1863ರ ಜೂನಿನಲ್ಲಿ ದಕ್ಷಿಣದ ಸೇನೆ ಪೆನ್ಸಿಲ್ವೇನಿಯಕ್ಕೆ ನುಗ್ಗಿದಾಗ, ಜನರಲ್ ಜೂಬಲ್ ಅರ್ಲಿ ದಾರಿ ತಪ್ಪದೆ ಹೋಗಿ ಸ್ಟೀವನ್ಸ್‌ನ ಕ್ಯಾಲೆಡೋನಿಯ ಕಬ್ಬಿಣದ ಕಾರ್ಖಾನೆಯನ್ನು ಸುಟ್ಟುಹಾಕಿದ. ಶತ್ರುಗಳು ಆತನ ಬೆಲೆಯನ್ನು ಚೆನ್ನಾಗಿ ತಿಳಿದಿದ್ದರು ಎನ್ನಬೇಕು.

ಆತನ ನಾಲಗೆಯ ವಿಷಯ ಹೇಳದೆ ಬಿಟ್ಟರೆ ಚಿತ್ರ ಅರ್ಧವಾಗುತ್ತದೆ. ಕಾಯಿಲೆಯಿಂದ ತಲೆ ಬೋಳಾಗಿ ಕಂದು ಬಣ್ಣದ ಟೋಪನ್ನು ಹಾಕಿಕೊಳ್ಳುತ್ತಿದ್ದ. ಅಭಿಮಾನದ ಹೆಂಗಸೊಬ್ಬಳು ಆಗಿನ ಪದ್ಧತಿಯಂತೆ ನೆನಪಿಗೊಂದು ಕುರುಳು ಬೇಡಿದಾಗ ಇಡೀ ಟೋಪನ್ನೇ ತೆಗೆದು ಆಕೆಯ ಮುಂದೆ ಹಿಡಿದನಂತೆ. ಲಿಂಕನ್ನನು ಪೆನ್ಸಿಲ್ವೇನಿಯದ ಸೈಮನ್ ಕ್ಯಾಮರನ್ ಎಂಬವನನ್ನು ಯುದ್ಧಮಂತ್ರಿಯನ್ನಾಗಿ ಮಾಡುವ ಮುನ್ನ, ಆತ ಕೈ ಶುದ್ಧವಿಲ್ಲದವನೇ ಎಂದು ಸ್ಟೀವನ್ಸ್‌ನನ್ನು ವಿಚಾರಿಸಿದನಂತೆ. "ಕೆಂಪಗೆ ಕಾದ ಒಲೆಯನ್ನಂತೂ ಕದಿಯಲಾರ" ಎಂದು ಉತ್ತರ ಬಂತು. ಮಾತು ಕ್ಯಾಮರನ್ನನ ಕಿವಿಗೆ ಬಿದ್ದು, ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಆತ ರೇಗಿದ. ಸ್ಟೀವನ್ಸ್ ಲಿಂಕನ್ನನ ಬಳಿ ಹೋಗಿ, ಕಾದ ಒಲೆಯನ್ನು ಆತ ಕದಿಯಲಾರ ಎಂದಿದ್ದೆನಷ್ಟೆ, ಅದನ್ನೀಗ ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು ಹೇಳಿ ಬಂದನಂತೆ. ಇವು ಎಷ್ಟು ನಿಜವೋ ಎಷ್ಟು ಕಟ್ಟುಕಥೆಯೋ, ತೆನಾಲಿ ರಾಮಕೃಷ್ಣನ ಕಥೆಗಳ ಹಾಗೆ, ಇಂಥವನ್ನು ಯಾರ ಹೆಸರಿಗೆ ಬೇಕಾದರೂ ಅಂಟಿಸುವುದಿಲ್ಲ. ಆ ನಾಲಗೆ ಆತನಿಗೆ ಎದುರಾಳಿಗಳನ್ನು ಗೆದ್ದುಕೊಟ್ಟಿತು, ವೈರಿಗಳನ್ನೂ ಬೆಳೆಸಿತು. ಅದೇ ವೈರಿಗಳ ಮೊಮ್ಮಕ್ಕಳು ಮುಂದೆ ಪುಸ್ತಕ ಬರೆದರು.

1865ರ ಜನವರಿ 31ರಂದು ದಾಸ್ಯವನ್ನು ತೊಡೆದುಹಾಕುವ ಹದಿಮೂರನೆಯ ತಿದ್ದುಪಡಿ 119 ಮತಕ್ಕೆ 56ರಂತೆ ಪ್ರತಿನಿಧಿ ಸಭೆಯನ್ನು ದಾಟಿತು. ಅದಕ್ಕೆ ಕೆಲವು ದಿನ ಮುಂಚೆ ವಿರೋಧಿಗಳು ಸ್ಟೀವನ್ಸ್‌ನನ್ನು ಕೆಣಕಿದ್ದರು: ಕರಿಯನು ಎಲ್ಲದರಲ್ಲಿಯೂ ಬಿಳಿಯನಿಗೆ ಸಮಾನನೆಂದು ಈತ ಬಾಯಿಬಿಟ್ಟು ಹೇಳಿದರೆ ಸಾಕು, ಅಳುಕುವ ಸದಸ್ಯರು ಹಿಮ್ಮೆಟ್ಟುತ್ತಾರೆ ಎಂಬುದು ಅವರ ಎಣಿಕೆ. ಜೀವಮಾನವೆಲ್ಲ ಅದನ್ನೇ ನಂಬಿದ್ದ ಮುದುಕ ಅಂದು ನುಂಗಿಕೊಂಡ. ತಾನು ಕೇಳುವುದು ಎಲ್ಲದರಲ್ಲಿಯೂ ಸಮಾನತೆಯಲ್ಲ, ಕಾನೂನಿನ ಮುಂದೆ ಸಮಾನತೆ ಮಾತ್ರ ಎಂದ. 2012ರಲ್ಲಿ ಬಂದ ಸ್ಪೀಲ್‌ಬರ್ಗರ 'ಲಿಂಕನ್' ಚಿತ್ರದಲ್ಲಿ ಟಾಮಿ ಲೀ ಜೋನ್ಸ್ ಈ ಸಂದರ್ಭವನ್ನು ಅಭಿನಯಿಸಿದ್ದನ್ನು ಅನೇಕರು ನೋಡಿರಬಹುದು. ರಾಜಿಯೆಂಬುದನ್ನು ಅರಿಯದ ಮತಾಂಧ ಎಂದು ಹೆಸರಾದವನು ರಾಜಿಯಾದ ಗಳಿಗೆ ಅದು.

ಮರುವರ್ಷ ಮತ್ತೊಮ್ಮೆ ಹಾಗೆಯೇ ಆಯಿತು. ಲಿಂಕನ್ನನ ಕೊಲೆಯಾಗಿ, ಟೆನೆಸ್ಸಿಯ ದರ್ಜಿ ಆಂಡ್ರೂ ಜಾನ್ಸನ್ ಅಧ್ಯಕ್ಷನಾಗಿದ್ದ. ಸೋತ ದಕ್ಷಿಣದ ಧಣಿಗಳಿಗೆ ಜಾನ್ಸನ್ ಧಾರಾಳವಾಗಿ ಕ್ಷಮಾದಾನ ಮಾಡಿದ. ಅವರು ತಮ್ಮ ಸಂಸ್ಥಾನಗಳಲ್ಲಿ ಕರಿಯರನ್ನು ಕಟ್ಟಿಹಾಕುವ ಹೊಸ ಹೊಸ ಕಾನೂನುಗಳನ್ನು ಮಾಡತೊಡಗಿದರು. ಇದನ್ನು ತಡೆಯಲು ಎರಡು ಸಭೆಗಳ ಜಂಟಿ ಸಮಿತಿ ಹದಿನಾಲ್ಕನೆಯ ತಿದ್ದುಪಡಿಯನ್ನು ರೂಪಿಸಿತು. ಅದರ ಮುಖ್ಯವಾದ ಮೊದಲ ಭಾಗದ ಒಕ್ಕಣೆ ಓಹಾಯೋದ ಜಾನ್ ಬಿಂಗಮನದು. ಅದನ್ನು ಸಭೆಯಲ್ಲಿ ನಡೆಸಿದವನು ಸ್ಟೀವನ್ಸ್. ಕರಿಯರಿಗೆ ಮತಾಧಿಕಾರ ಅದರಲ್ಲಿ ನೇರವಾಗಿ ಇರಲಿಲ್ಲ. 1866ರ ಜೂನ್ 13ರಂದು ಕೊನೆಯ ಮತದ ಮುನ್ನ ಆತ ಮಾಡಿದ ಭಾಷಣ ದುಃಖದ್ದು. ಎಂದಾದರೊಂದು ದಿನ ನಮ್ಮ ಸಂಸ್ಥೆಗಳನ್ನೆಲ್ಲ ಅಸಮಾನತೆಯ ಕಲೆಯಿಲ್ಲದಂತೆ ಹೊಸದಾಗಿ ಕಟ್ಟುವ ಅವಕಾಶ ಬಂದೀತೆಂದು ಎಳವೆಯಿಂದ ಕನಸು ಕಂಡಿದ್ದೆ, ಆ ಕನಸು ಕರಗಿತು, ಹಳೆಯ ಕಟ್ಟಡದ ಕೆಟ್ಟ ಭಾಗಗಳಿಗೆ ತೇಪೆ ಹಾಕುವುದಷ್ಟೇ ಈಗ ಉಳಿದಿದೆ ಎಂದ. ಹಾಗಾದರೆ ಒಪ್ಪುವುದೇಕೆ? ತಾನು ಬದುಕಿರುವುದು ಮನುಷ್ಯರ ನಡುವೆ, ದೇವತೆಗಳ ನಡುವೆ ಅಲ್ಲ, ಅದಕ್ಕೆ ಎಂದ.

ಆ ತೇಪೆಯ ಬಾಳಿಕೆ ಆತ ಎಣಿಸಿದ್ದಕ್ಕಿಂತ ಹೆಚ್ಚಾಯಿತು. 1954ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಕರಿಯ, ಬಿಳಿಯ ಮಕ್ಕಳಿಗೆ ಬೇರೆ ಬೇರೆ ಶಾಲೆ ಕೂಡದೆಂದು ತೀರ್ಪು ಕೊಟ್ಟದ್ದು ಹದಿನಾಲ್ಕನೆಯ ತಿದ್ದುಪಡಿಯ ಬಲದಿಂದ. ನಮ್ಮ ಸಂವಿಧಾನದ ಹದಿನಾಲ್ಕನೆಯ ಅನುಚ್ಛೇದದಲ್ಲಿ ಕಾನೂನಿನ ಮುಂದೆ ಸಮಾನತೆ, ಕಾನೂನಿನ ಸಮಾನ ರಕ್ಷಣೆ ಎಂದು ಎರಡು ಮಾತು ಜೊತೆಯಾಗಿ ಬರುತ್ತವೆ. ಎರಡನೆಯದು ಅಲ್ಲಿಂದಲೇ ಬಂದದ್ದು. ಎರಡೂ ಕಡೆ ಹದಿನಾಲ್ಕು ಎಂಬುದು ಕಾಕತಾಳೀಯ. ಅದೇ ತಿದ್ದುಪಡಿಯ ಇನ್ನೊಂದು ಮಾತನ್ನು ನಮ್ಮ ಸಂವಿಧಾನಕ್ಕೆ ಸೇರಿಸಬೇಕೆ ಬೇಡವೆ ಎಂದು 1947ರಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರೊಡನೆ ಚರ್ಚಿಸಿ ಬಂದವರು ಸಂವಿಧಾನ ಸಲಹೆಗಾರರಾಗಿದ್ದ, ದಕ್ಷಿಣ ಕನ್ನಡದ ಬೆನಗಲ್ ನರಸಿಂಗರಾಯರು. ಲ್ಯಾಂಕಾಸ್ಟರಿನ ಸಮಾಧಿಗೂ ನಮಗೂ ಇರುವ ಎಳೆ ಇಷ್ಟು ತೆಳುವಾದದ್ದು, ಆದರೆ ಇದೆ.

ಸ್ಟೀವನ್ಸ್ ಸೋತದ್ದು ಭೂಮಿಯ ವಿಷಯದಲ್ಲಿ. ಆತನನ್ನು ಕುರಿತು ಯೋಚಿಸುವಾಗಲೆಲ್ಲ ನನ್ನ ಮನಸ್ಸು ಬಂದು ನಿಲ್ಲುವುದು ಇಲ್ಲಿ. 1865ರ ಸೆಪ್ಟೆಂಬರ್ 6ರಂದು ಲ್ಯಾಂಕಾಸ್ಟರಿನಲ್ಲಿ ತನ್ನ ಮತದಾರರ ಮುಂದೆ ಆತ ಒಂದು ಲೆಕ್ಕ ಬಿಡಿಸಿದ. ದಂಗೆಯೆದ್ದ ಸಂಸ್ಥಾನಗಳಲ್ಲಿ 46.5 ಕೋಟಿ ಎಕರೆ ನೆಲ. ಅದರಲ್ಲಿ 39.4 ಕೋಟಿ ಎಕರೆ ಸುಮಾರು 70,000 ದೊಡ್ಡ ಒಡೆಯರ ಕೈಯಲ್ಲಿದೆ. ಅದನ್ನು ಮುಟ್ಟುಗೋಲು ಹಾಕಿಕೊಳ್ಳೋಣ. ಬಿಡುಗಡೆಯಾದ ಕರಿಯ ಗಂಡಸರು ಸುಮಾರು ಹತ್ತು ಲಕ್ಷ. ಒಬ್ಬೊಬ್ಬನಿಗೆ ನಲವತ್ತು ಎಕರೆ ಕೊಟ್ಟರೆ ನಾಲ್ಕು ಕೋಟಿ. ಮಿಕ್ಕ ಮೂವತ್ತೈದು ಕೋಟಿ ಚಿಲ್ಲರೆ ಎಕರೆಯನ್ನು ಎಕರೆಗೆ ಹತ್ತು ಡಾಲರಿನಂತೆ ಮಾರಿದರೆ ಯುದ್ಧದ ಸಾಲ ತೀರುತ್ತದೆ, ಗಾಯಗೊಂಡ ಸಿಪಾಯಿಗಳಿಗೆ ಪಿಂಚಣಿಯಾಗುತ್ತದೆ. ಸಣ್ಣ ಹಿಡುವಳಿದಾರರ ನೆಲವನ್ನು ಮುಟ್ಟಬೇಕಾಗಿಲ್ಲ.

ಮನೆಯಲ್ಲಿ ಕಾಳಿಲ್ಲದವನಿಗೆ ಮತ ಕೊಟ್ಟು ಏನು ಪ್ರಯೋಜನ, ನಿನ್ನೆಯ ಒಡೆಯನ ಹೊಲದಲ್ಲಿಯೇ ನಾಳೆಯೂ ಕೂಲಿಗೆ ನಿಲ್ಲಬೇಕಾದವನು ಯಾವ ಬಾಯಿಂದ ಒಡೆಯನನ್ನು ಎದುರಿಸಿಯಾನು, ಎಂಬುದು ವಾದದ ತಿರುಳು. ಅಮೆರಿಕದ ಸಂಸದೀಯರಲ್ಲಿ ಇಷ್ಟು ಆಳಕ್ಕೆ ಇಳಿದವರು ಬೆರಳೆಣಿಕೆಯವರು. ಇದಕ್ಕೆ ಒಂದು ಮಾದರಿಯೂ ಕಣ್ಣಮುಂದೆ ಇತ್ತು: ಅದೇ ವರ್ಷದ ಜನವರಿಯಲ್ಲಿ ಜನರಲ್ ಶರ್ಮನ್ ಒಂದು ಸೈನಿಕ ಆಜ್ಞೆ ಹೊರಡಿಸಿ ಜಾರ್ಜಿಯ, ದಕ್ಷಿಣ ಕೆರೊಲೈನಗಳ ಕರಾವಳಿಯಲ್ಲಿ ಸಾವಿರಾರು ಕರಿಯ ಕುಟುಂಬಗಳಿಗೆ ನಲವತ್ತು ಎಕರೆಯವರೆಗಿನ ತುಂಡುಗಳನ್ನು ಬಿಡಿಸಿಕೊಟ್ಟಿದ್ದ. ಅವರು ಉತ್ತು ಬಿತ್ತಿದ್ದರು. ಬೆಳೆ ಕೈಗೆ ಬರುವ ಹೊತ್ತಿಗೆ ಜಾನ್ಸನ್ ಆ ನೆಲವನ್ನು ಕ್ಷಮೆ ಪಡೆದ ಹಳೆಯ ಒಡೆಯರಿಗೆ ಹಿಂದಿರುಗಿಸಿದ.

ಸ್ಟೀವನ್ಸ್ 1867ರ ಮಾರ್ಚಿಯಲ್ಲಿ ತನ್ನ ಯೋಜನೆಯನ್ನು ಮಸೂದೆಯಾಗಿ ಸಭೆಯ ಮುಂದಿಟ್ಟ. ಓದಲು ಶಕ್ತಿ ಸಾಲದೆ ಮತ್ತೊಬ್ಬನಿಂದ ಭಾಷಣವನ್ನು ಓದಿಸಿದ. ಆತನ ಪಕ್ಷದವರೇ ಕಿವಿ ಮುಚ್ಚಿಕೊಂಡರು. ದಾಸರನ್ನು ಬಿಡಿಸುವುದು ಒಂದು, ಆಸ್ತಿಗೆ ಕೈಹಾಕುವುದು ಮತ್ತೊಂದು. ದಕ್ಷಿಣದ ಧಣಿಯ ನೆಲ ಇಂದು ಹೋದರೆ ಉತ್ತರದ ಕಾರ್ಖಾನೆಯ ಗತಿ ನಾಳೆ ಏನು ಎಂಬ ಅಂಜಿಕೆ. ಮಸೂದೆ ಅಲ್ಲಿಗೇ ಸತ್ತಿತು. ಮುಂದಿನ ನೂರು ವರ್ಷ ದಕ್ಷಿಣದ ಕರಿಯ ರೈತ ಪರರ ಹೊಲವನ್ನು ಪಾಲಿಗೆ ಮಾಡಿ, ಧಣಿಯ ಅಂಗಡಿಯ ಸಾಲದಲ್ಲಿ ಮುಳುಗಿ ಕಾಲ ಕಳೆದ. 1867ರ ಕಾನೂನುಗಳಿಂದ ಬಂದ ಮತಾಧಿಕಾರವನ್ನು, 1877ರಲ್ಲಿ ಸೈನ್ಯ ಹಿಂದೆಗೆದಮೇಲೆ, ಬೆದರಿಕೆಯಿಂದಲೂ ಕೊಲೆಯಿಂದಲೂ ಕಾನೂನಿನ ಕುಟಿಲದಿಂದಲೂ ಅವನಿಂದ ಕಸಿದುಕೊಂಡರು. ನೆಲವಿದ್ದಿದ್ದರೆ ಕಸಿಯಲಾಗುತ್ತಿರಲಿಲ್ಲವೆ? ಇತಿಹಾಸದಲ್ಲಿ "ಇದ್ದಿದ್ದರೆ" ಎಂಬುದಕ್ಕೆ ಉತ್ತರವಿಲ್ಲ. ಬಿಳಿಯ ರೈತರೂ ಹತ್ತಿಯ ಬೆಲೆ ಕುಸಿದು ನೆಲ ಕಳೆದುಕೊಂಡರೆಂದು ನೆನಪಿಸುವ ವಿದ್ವಾಂಸರಿದ್ದಾರೆ. ಆದರೂ ರೋಗ ಎಲ್ಲಿದೆ ಎಂಬುದನ್ನು ಈ ಮುದುಕ ಸರಿಯಾಗಿ ಬೆರಳಿಟ್ಟು ತೋರಿಸಿದ್ದ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಜಾನ್ಸನ್ನನ ಮೇಲಿನ ಮಹಾಭಿಯೋಗದ ಬಗ್ಗೆ ನಾನು ಆತನನ್ನು ಅಷ್ಟು ಸುಲಭವಾಗಿ ಸಮರ್ಥಿಸಲಾರೆ. ಜಾನ್ಸನ್ ಸಾಧು ಮನುಷ್ಯನೇನಲ್ಲ. 1866ರ ಫೆಬ್ರವರಿಯಲ್ಲಿ ಬೀದಿಯಲ್ಲಿ ನೆರೆದ ಗುಂಪಿನ ಮುಂದೆ ಸ್ಟೀವನ್ಸ್‌ನ ಹೆಸರು ಹಿಡಿದು ದೇಶದ್ರೋಹಿಗಳ ಸಾಲಿಗೆ ಸೇರಿಸಿದವನು. ಆದರೆ ಆತನನ್ನು ಹಿಡಿಯಲು ಒಡ್ಡಿದ ಬಲೆ, ಸೆನೆಟ್ಟಿನ ಒಪ್ಪಿಗೆಯಿಲ್ಲದೆ ಮಂತ್ರಿಯನ್ನು ತೆಗೆಯಬಾರದೆಂಬ ಕಾನೂನು, ಬಡಕಲು ಕಾನೂನು. ಅಂಥದು ಸಂವಿಧಾನಕ್ಕೆ ಒಪ್ಪದೆಂದು 1926ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿತು. 1868ರ ಫೆಬ್ರವರಿ 24ರಂದು ಪ್ರತಿನಿಧಿ ಸಭೆ 126ಕ್ಕೆ 47ರಂತೆ ಆಪಾದನೆಯನ್ನು ಒಪ್ಪಿತು. ನಡೆಯಲಾರದ ಸ್ಟೀವನ್ಸ್‌ನನ್ನು ಇಬ್ಬರು ಯುವಕರು ಕುರ್ಚಿಯಲ್ಲಿ ಹೊತ್ತು ತರುತ್ತಿದ್ದರು. "ನೀವಿಬ್ಬರೂ ಸತ್ತುಹೋದರೆ ನನ್ನ ಗತಿಯೇನಪ್ಪ?" ಎಂದು ಎಪ್ಪತ್ತಾರರ ಆ ಮುದುಕ ಅವರನ್ನು ಕೇಳಿದನಂತೆ. ಮೇ 16ರಂದು ಸೆನೆಟ್ಟಿನಲ್ಲಿ 35 ಮತ ವಿರುದ್ಧ, 19 ಪರ; ಬೇಕಾದ ಮೂರನೆಯ ಎರಡು ಪಾಲಿಗೆ ಒಂದೇ ಮತ ಕಡಮೆಯಾಗಿ ಜಾನ್ಸನ್ ಉಳಿದ. ಕೆನಡಿ ಹೊಗಳಿದ ರಾಸ್‌ನ ಮತ ಅದರಲ್ಲಿ ಒಂದು. ಆ ಮತದ ಹಿಂದೆ ಧೈರ್ಯವಷ್ಟೇ ಅಲ್ಲ, ಲಾಭದ ಎಣಿಕೆಯೂ ಇದ್ದಿರಬಹುದೆಂದು ಈಚಿನ ಇತಿಹಾಸಕಾರರು ಅನುಮಾನಪಡುತ್ತಾರೆ. ಅದು ಹೇಗೇ ಇರಲಿ, ಹಠ ಇಲ್ಲಿ ಸ್ಟೀವನ್ಸ್‌ನ ವಿವೇಕವನ್ನು ಮೀರಿತ್ತು.

ಸತ್ತಮೇಲಿನ ಕಥೆಗೆ ಬರೋಣ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದ ವಿಲಿಯಂ ಡನಿಂಗ್ ಮತ್ತು ಅವರ ಶಿಷ್ಯರು ಯುದ್ಧಾನಂತರದ ಪುನರ್ರಚನೆಯ ಕಾಲವನ್ನು ಒಂದು ದುರಂತವೆಂದು ಬರೆದರು: ಅಜ್ಞಾನಿಗಳಾದ ಕರಿಯರ ಕೈಗೆ ಅಧಿಕಾರ ಕೊಟ್ಟು ಸುಸಂಸ್ಕೃತ ದಕ್ಷಿಣವನ್ನು ಹಿಂಸಿಸಿದ ಕಾಲ ಎಂದು. ವಿಶ್ವವಿದ್ಯಾನಿಲಯದ ಮುದ್ರೆಯಿದ್ದುದರಿಂದ ಅದು ಶಾಲೆಯ ಪುಸ್ತಕಕ್ಕೂ ಇಳಿಯಿತು. ಥಾಮಸ್ ಡಿಕ್ಸನ್ 1905ರಲ್ಲಿ ಬರೆದ ಕಾದಂಬರಿಯಲ್ಲಿ ಸ್ಟೋನ್‌ಮನ್ ಎಂಬ ಪಾತ್ರವಾಗಿ ಸ್ಟೀವನ್ಸ್ ಬಂದ. 1915ರಲ್ಲಿ ಗ್ರಿಫಿತ್ ಅದನ್ನು 'ದ ಬರ್ತ್ ಆಫ್ ಎ ನೇಷನ್' ಎಂಬ ಚಿತ್ರ ಮಾಡಿದ. ಕುಂಟುಗಾಲು, ಟೋಪು, ಮನೆಯಲ್ಲಿ ಮಿಶ್ರಜಾತಿಯ ಹೆಂಗಸು, ಎಲ್ಲ ಗುರುತುಗಳೂ ಇದ್ದವು. ಕೂ ಕ್ಲುಕ್ಸ್ ಕ್ಲಾನಿನ ಮುಸುಕುಧಾರಿಗಳು ಚಿತ್ರದ ವೀರರು. ಅಧ್ಯಕ್ಷ ವಿಲ್ಸನ್ ಅದನ್ನು ಶ್ವೇತಭವನದಲ್ಲಿ ನೋಡಿದ. ಅದೇ ವರ್ಷ ಕ್ಲಾನ್ ಮತ್ತೆ ಹುಟ್ಟಿತು. ಕ್ಲಾಡ್ ಬೌವರ್ಸ್‌ನ ಜನಪ್ರಿಯ ಇತಿಹಾಸ 1929ರಲ್ಲಿ, ಜಾನ್ಸನ್ನನನ್ನು ಹೊಗಳುವ ಚಿತ್ರ 1942ರಲ್ಲಿ. ಕೆನಡಿ ಬರೆದದ್ದು ಈ ಬೆಳೆಯ ತೆನೆಯನ್ನು ಆಯ್ದುಕೊಂಡು. ಮೋಸ ಮಾಡಿದನೆಂದಲ್ಲ, ಆತನ ಕಾಲದ ಓದಿದವರೆಲ್ಲ ಹಾಗೆಯೇ ತಿಳಿದಿದ್ದರು.

ಎಲ್ಲರೂ ಎನ್ನುವುದು ತಪ್ಪು. ಕರಿಯ ವಿದ್ವಾಂಸ ಡು ಬಾಯ್ಸ್ 1935ರಲ್ಲಿ ಪುನರ್ರಚನೆಯ ದೊಡ್ಡ ಇತಿಹಾಸವನ್ನು ಬರೆದು, ಇದುವರೆಗೆ ಇತಿಹಾಸದ ಹೆಸರಿನಲ್ಲಿ ನಡೆದದ್ದು ಪ್ರಚಾರ ಎಂದು ಕೊನೆಯ ಅಧ್ಯಾಯದಲ್ಲಿ ಆಧಾರಸಹಿತ ತೋರಿಸಿದ. ವಿದ್ವತ್ಸಭೆ ಕೇಳಿಸದವರಂತೆ ಕುಳಿತಿತ್ತು. ಬೀದಿಯಲ್ಲಿ ಕರಿಯರು ಹಕ್ಕಿಗಾಗಿ ಎದ್ದು ನಿಂತಮೇಲೆ ಪುಸ್ತಕದ ಕಪಾಟುಗಳೂ ಅಲುಗಿದವು. 1959ರಲ್ಲಿ ಫಾನ್ ಬ್ರೋಡಿ ಬರೆದ ಜೀವನಚರಿತ್ರೆ, 1965ರಲ್ಲಿ ಕೆನೆತ್ ಸ್ಟ್ಯಾಂಪ್, 1988ರಲ್ಲಿ ಎರಿಕ್ ಫೋನರ್. ಇಂದು ಡನಿಂಗ್ ಪಂಥವನ್ನು ಒಪ್ಪುವ ಇತಿಹಾಸಕಾರ ಸಿಗುವುದು ಕಷ್ಟ. ಸ್ಟೀವನ್ಸ್‌ನ ಕಾಗದಪತ್ರಗಳಲ್ಲಿ ಬಹುಪಾಲು ಎಲ್ಲ ಕಾಲಕ್ಕೂ ಅವೇ ಇದ್ದವು. ಬದಲಾದದ್ದು ಓದುವವರ ಕಣ್ಣು. ಅದಕ್ಕೇ ಈಗಿನ ಹೊಗಳಿಕೆಯನ್ನೂ ನಾನು ಸ್ವಲ್ಪ ತಡೆದು ಓದುತ್ತೇನೆ. ಮೇಲೆ ಹೇಳಿದ ಚಿತ್ರದಲ್ಲಿ, ತಿದ್ದುಪಡಿ ಗೆದ್ದ ರಾತ್ರಿ ಆತ ಮನೆಗೆ ಹೋಗಿ ಮಸೂದೆಯ ಪ್ರತಿಯನ್ನು ಲಿಡಿಯ ಹ್ಯಾಮಿಲ್ಟನ್ ಸ್ಮಿತ್‌ಳ ಕೈಗಿಟ್ಟು ಹಾಸಿಗೆಯಲ್ಲಿ ಮಲಗಿ ಆಕೆಯಿಂದ ಓದಿಸಿ ಕೇಳುವ ದೃಶ್ಯವಿದೆ. ನೋಡಿದವರ ಕಣ್ಣು ಒದ್ದೆಯಾಗುತ್ತದೆ. ಅವರಿಬ್ಬರ ಸಂಬಂಧ ಅಂಥದಿತ್ತೆಂಬುದಕ್ಕೆ ಆಧಾರವಿಲ್ಲ. ವೈರಿಗಳು ಯಾವ ಪಿಸುಮಾತಿನಿಂದ ಆತನ ಮುಖಕ್ಕೆ ಮಸಿ ಬಳಿದರೋ ಅದನ್ನೇ ಸ್ನೇಹಿತರು ಅಲಂಕಾರ ಮಾಡಿದರು.

ಲಿಡಿಯಳ ಬಗ್ಗೆ ತಿಳಿದದ್ದು ಇಷ್ಟು. ಗೆಟ್ಟಿಸ್‌ಬರ್ಗ್ ಕಡೆಯ ವಿಧವೆ, ಇಪ್ಪತ್ತು ವರ್ಷ ಆತನ ಮನೆ ನಡೆಸಿದಳು. ಕರಿಯ ಹೆಂಗಸರನ್ನು ಬಿಳಿಯರು ಬರಿಯ ಹೆಸರಿನಿಂದ ಕೂಗುತ್ತಿದ್ದ ಕಾಲದಲ್ಲಿ ಆತ "ಮಿಸೆಸ್ ಸ್ಮಿತ್" ಎಂದು ಕರೆಯುತ್ತಿದ್ದ, ಮನೆಗೆ ಬಂದವರೂ ಹಾಗೆಯೇ ಕರೆಯಬೇಕಿತ್ತು. ಆತ ಸಾಯುವಾಗ ಹಾಸಿಗೆಯ ಬಳಿ ಇದ್ದವರಲ್ಲಿ ಆಕೆ ಒಬ್ಬಳು. ಉಯಿಲಿನಲ್ಲಿ ಆಕೆಗೆ ವರ್ಷಕ್ಕೆ 500 ಡಾಲರ್, ಇಲ್ಲವೆ ಒಟ್ಟಿಗೆ 5,000 ಎಂದು ಬರೆದಿದ್ದ. ಆ ಹಣದಿಂದ ಆಕೆ ಅದೇ ಮನೆಯನ್ನು ಕೊಂಡುಕೊಂಡಳು.

ಉಯಿಲಿನ ಮಿಕ್ಕ ಭಾಗವೂ ಓದತಕ್ಕದ್ದು. ಪೀಚಂ ಊರಿನ ಸ್ಮಶಾನದಲ್ಲಿ ತಾಯಿಯ ಸಮಾಧಿಯ ನಾಲ್ಕು ಮೂಲೆಗಳಲ್ಲಿ ಪ್ರತಿ ವಸಂತದಲ್ಲಿಯೂ ಗುಲಾಬಿಯನ್ನೂ ನಗುಮೊಗದ ಬೇರೆ ಹೂಗಳನ್ನೂ ನೆಡಬೇಕೆಂದು ಹಣ ಇರಿಸಿದ. ಸೋದರಳಿಯನೊಬ್ಬ ಕುಡಿತ ಬಿಟ್ಟರೆ ಆಸ್ತಿ ಅವನಿಗೆ ಎಂದ, ಅವನು ಬಿಡಲಿಲ್ಲ. ಉಳಿದದ್ದರಿಂದ ಅನಾಥ ಮಕ್ಕಳಿಗೊಂದು ಆಶ್ರಯ ಕಟ್ಟಬೇಕು, ತಂದೆತಾಯಿಯ ಜನಾಂಗವನ್ನಾಗಲಿ ಮತವನ್ನಾಗಲಿ ನೋಡಿ ಯಾವ ಮಗುವನ್ನೂ ಹೊರಗಿಡಬಾರದು, ಬಣ್ಣ ನೋಡದೆ ಎಲ್ಲರಿಗೂ ಒಂದೇ ತರಗತಿಯಲ್ಲಿ ಪಾಠ ಹೇಳಬೇಕು, ಎಲ್ಲರಿಗೂ ಒಂದೇ ಮೇಜಿನಲ್ಲಿ ಊಟ ಬಡಿಸಬೇಕು ಎಂದು ಬರೆಸಿದ. ಪಂಕ್ತಿಭೇದವೆಂದರೇನೆಂದು ಬಲ್ಲ ನಮಗೆ ಈ ಕೊನೆಯ ಷರತ್ತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದಾವೆ, ತಕರಾರುಗಳೆಲ್ಲ ಮುಗಿದು ಆ ಶಾಲೆ ಲ್ಯಾಂಕಾಸ್ಟರಿನಲ್ಲಿ ತೆರೆದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಡಿಕ್ಸನ್ನನ ಕಾದಂಬರಿ ಬಿಸಿಬಿಸಿಯಾಗಿ ಮಾರಾಟವಾಗುತ್ತಿದ್ದ ದಿನಗಳಲ್ಲಿ. ಈಗ ಅದು ಆತನ ಹೆಸರಿನ ತಾಂತ್ರಿಕ ಕಾಲೇಜು; ಬಡವರ ಮಕ್ಕಳು ಅಲ್ಲಿ ಬಡಗಿಯ ಕೆಲಸ, ಗಾರೆಕೆಲಸ, ಲೋಹದ ಕೆಲಸ ಕಲಿಯುತ್ತಾರೆ.